ಚೀಲವಿದ್ದರೇನು, ಊಟ ಬಿಡಬೇಕೆ?

ಸೋದರಿಯರೆ, ಸಂಕೋಚದ ವಿಷಯ ಬರೆಯುತ್ತಿದ್ದೇನೆ, ಮೂಗು ಮುರಿಯಬೇಡಿ. ದೊಡ್ಡ ಕರುಳಿನ ಕೊನೆಯಲ್ಲಿದ್ದ ಗಡ್ಡೆ ತೆಗೆದ ಮೇಲೆ, ಒಳಗಿನ ಹೊಲಿಗೆ ಮಾಯುವವರೆಗೆಂದು ಡಾಕ್ಟರು ನನ್ನ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿದರು. ಇಲಿಯೋಸ್ಟಮಿ ಅಂತಾರೆ. ಮಲವೆಲ್ಲ ಅದರಲ್ಲೇ ಬೀಳುತ್ತದೆ, ತಡೆಯೋದು ನಮ್ಮ ಕೈಲಿಲ್ಲ.

ನೋಡಲು ಬಂದ ನೆಂಟರೊಬ್ಬರು, "ಇನ್ನು ಅಡುಗೆಮನೆ ಬೇರೆಯವರು ನೋಡಿಕೊಳ್ಳಲಿ ಬಿಡಮ್ಮ" ಅಂದರು. ನನ್ನ ಮುಖ ಸಣ್ಣಗಾಯಿತು. ಎಂಬತ್ತು ದಾಟಿದ, ಮಡಿ ಬಿಡದ ನಮ್ಮ ಅತ್ತೆ ಒಳಗಿನಿಂದಲೇ ಹೇಳಿದರು: "ಎಲ್ಲರ ಹೊಟ್ಟೇಲೂ ಇರೋದೇ, ಇವಳದು ಹೊರಗೆ ಕಾಣುತ್ತೆ ಅಷ್ಟೆ. ಕೈ ತೊಳ್ಕೊಂಡು ಬಾರೇ, ಸಾರಿಗೆ ಒಗ್ಗರಣೆ ಹಾಕು."

ಹಾಕಿದೆ. ಆದರೆ ನಮ್ಮ ಅಡುಗೆಯಲ್ಲಿ ಕಾಯಿ ಇಲ್ಲದ್ದು ಯಾವುದು, ನೀವೇ ಹೇಳಿ? ಕಾಯಿತುರಿ, ಕಡಲೆಕಾಯಿ ಬೀಜ, ಮೆಕ್ಕೆಜೋಳ, ಹಸಿ ಕೋಸಂಬರಿ ಇವೆಲ್ಲ ಆ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಕಾಯಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ಮಾತ್ರ ಕೂಟಿಗೆ ಬಿಟ್ಟೆ. ಸೀಮೆಬದನೆ, ಸೋರೆಕಾಯಿಗಳ ಸಿಪ್ಪೆ, ಬೀಜ ತೆಗೆದು ಮೆತ್ತಗೆ ಬೇಯಿಸಿದೆ. ನಮ್ಮವರು ಎರಡು ಸಲ ಬಡಿಸಿಕೊಂಡರು! ನನಗೊಂದು, ಮನೆಗೊಂದು ಅಡುಗೆ ಮಾಡುವ ಕಷ್ಟ ಬರಲಿಲ್ಲ.

ಚೀಲ ತುಂಬುತ್ತದೆಂದು ಹೆದರಿ ಊಟ ಬಿಡುವವರಿದ್ದಾರೆ. ಬಿಟ್ಟರೂ ನೀರು, ಗಾಳಿ ಬರುತ್ತಲೇ ಇರುತ್ತವೆ, ಸೊರಗುವುದು ನಾವು. ಅನ್ನ, ಬಾಳೆಹಣ್ಣು ತಿಂದರೆ ಹೊರಬರುವುದು ಗಟ್ಟಿಯಾಗುತ್ತದೆ. ಬೀಟ್‌ರೂಟ್ ಪಲ್ಯ ತಿಂದ ದಿನ ಚೀಲ ಕೆಂಪಗಾದರೆ ಗಾಬರಿ ಬೇಡ. ಕೋಸು, ಈರುಳ್ಳಿ ಗಾಳಿ ತುಂಬಿಸುತ್ತವೆ, ಮದುವೆಗೆ ಹೊರಡುವ ದಿನ ಬೇಡವೇ ಬೇಡ.

ನೀರಿನ ವಿಷಯ ಮಾತ್ರ ಗಮನವಿಟ್ಟು ಓದಿ. ನೀರು, ಉಪ್ಪು ಹೀರಿಕೊಳ್ಳುವುದು ದೊಡ್ಡ ಕರುಳಿನ ಕೆಲಸ. ಅದು ತಪ್ಪಿದಾಗ ಬರೀ ನೀರು ಗಟಗಟ ಕುಡಿದರೆ ಚೀಲ ತುಂಬುತ್ತದೆಯೇ ಹೊರತು ಸುಸ್ತು ಹೋಗೋಲ್ಲ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ, ಹಾಕಿ ಕದಡಿ ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಗಂಜಿಗೂ ಉಪ್ಪು. ಬಿ.ಪಿ., ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳಿಯೇ ಮಾಡಿ.

ಚೀಲ ಮೂರನೇ ಒಂದು ಪಾಲು ತುಂಬುತ್ತಲೇ ಖಾಲಿ ಮಾಡಿ. ಅಂಟಿಸುವ ಜಾಗಕ್ಕೆ ಎಣ್ಣೆ ಸೋಕಬಾರದು, ಲಂಗದ ಲಾಡಿ ಚೀಲದ ಮೇಲೆ ಬಿಗಿಯಬಾರದು. ಹೊಟ್ಟೆ ಹಿಂಡಿ, ವಾಂತಿಯಾಗಿ, ಚೀಲಕ್ಕೆ ಏನೂ ಬೀಳದಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ.

ನಾಲ್ಕನೇ ತಿಂಗಳು ಕರುಳನ್ನು ಮತ್ತೆ ಸೇರಿಸಿದರು. ಅಲ್ಲಿಗೆ ಮುಗಿಯಿತೆ? ದಿನಕ್ಕೆ ಹತ್ತು ಸಲ ಓಡಾಟ, ಉರಿ! ಒರೆಸದೆ ಬೆಚ್ಚಗಿನ ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಆರಿಸಿ, ಜಿಂಕ್ ಮುಲಾಮು ಹಚ್ಚುತ್ತಿದ್ದೆ. ಮೊಸರನ್ನ, ಇಡ್ಲಿ, ಸ್ವಲ್ಪ ಸ್ವಲ್ಪವೇ ಆರು ಸಲ. ಖಾರ ಸುಲಭವಾಗಿ ಬಿಟ್ಟೆ, ಕಾಫಿ ಬಿಡಲು ಕಣ್ಣೀರೇ ಬಂತು.

ಈಗ ದಿನಕ್ಕೆ ಮೂರು ಸಲ ಅಷ್ಟೆ. ಹೋದ ವಾರ ಹೆಸರುಬೇಳೆ ಕೋಸಂಬರಿ ಎರಡು ಚಮಚ ಹಾಕಿಸಿಕೊಂಡೆ, ಕಾಯಿತುರಿ ಸಮೇತ. ಚೆನ್ನಾಗಿ ಅಗಿದೆ ಅನ್ನಿ.