ಜೋಗದ ಪಕ್ಕದ ಕಾನು

ಜೋಗಕ್ಕೆ ಬಂದವರಲ್ಲಿ ಹೆಚ್ಚಿನವರು ರಾಜ, ರಾಣಿ, ರೋರರ್, ರಾಕೆಟ್ ಯಾವುದು ಯಾವುದೆಂದು ಗುರುತಿಸಿ, ಫೋಟೊ ತೆಗೆದು, ಬಜ್ಜಿ ತಿಂದು ಬಸ್ಸು ಹತ್ತಿಬಿಡುತ್ತಾರೆ. 253 ಮೀಟರ್ ಧುಮುಕುವ ನೀರಿಗೆ ಅಷ್ಟು ಹೊತ್ತು ಸಾಕೇ ಎಂಬುದಿರಲಿ, ಸುತ್ತಲಿನ ಕಾಡನ್ನು ನೋಡದೆ ಹೋಗುತ್ತಾರಲ್ಲ ಎಂಬುದೇ ನನ್ನ ಸಂಕಟ.

ಈ ಮಳೆಗಾಲ ನಮಗೆ ಸಿಕ್ಕ ಊರಿನ ಗೈಡ್ ಅಲ್ಲಿಗೇ ಬಿಡಲಿಲ್ಲ. ಹೊನ್ನಾವರದ ದಾರಿಯಲ್ಲಿ, ಕತ್ತಲೆಕಾನಿನ ಹತ್ತಿರ ಗಾಡಿ ನಿಲ್ಲಿಸಿ, "ಮಾತಾಡ್ಬೇಡಿ, ಮೇಲೆ ನೋಡಿ" ಅಂದರು. ಕೊಂಬೆ ಅಲುಗಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಸಿಂಗಳೀಕ! ಉಪ್ಪಾಗೆ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು, ಸಿಪ್ಪೆ ಕಚ್ಚಿ ಉಗಿದು, ಬೀಜದ ಸುತ್ತಲಿನ ತಿರುಳು ಚೀಪುತ್ತಿತ್ತು.

ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಜೀವ ಇದು. ಬದುಕೆಲ್ಲ ಮರದ ಮೇಲೆಯೇ. ಕೊಂಬೆಗೆ ಕೊಂಬೆ ಕೂಡಿದ ಕಾಡಿಲ್ಲದಿದ್ದರೆ ನೆಲಕ್ಕಿಳಿಯಬೇಕು, ಇಳಿದರೆ ವಾಹನಕ್ಕೆ ಸಿಗುತ್ತದೆ. 2019ರಲ್ಲಿ ಜೋಗದ ಸುತ್ತಲಿನ ಈ ಕಣಿವೆ ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯವಾಯಿತು. ಅದೇ ಕಾಡಿಗೆ ಈಗ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದು ನಿಂತಿದೆ. ಕರೆಂಟು ಬೇಕು, ನಿಜ. ಆದರೆ ಕಡಿದ ಈ ಕಾಡಿಗೆ ಬದಲಾಗಿ ಇನ್ನೆಲ್ಲೋ ಸಸಿ ನೆಟ್ಟರೆ ಸಿಂಗಳೀಕಕ್ಕೆ ಮನೆಯಾಗುವುದಿಲ್ಲ.

ಜೋಗಕ್ಕೆ ಹೋಗುವವರು ಇನ್ನರ್ಧ ದಿನ ಇಟ್ಟುಕೊಳ್ಳಿ. ಊರಿನವರನ್ನೇ ಗೈಡ್ ಮಾಡಿಕೊಂಡು, ಕೆಸರಿನಿಂದ ಬೇರುಗಳು ಮಂಡಿ ಮಡಚಿದಂತೆ ಎದ್ದಿರುವ ರಾಮಪತ್ರೆ ಜಡ್ಡಿಯನ್ನು, ಅಂದರೆ ಜೌಗು ಕಾಡನ್ನು, ತೋರಿಸಲು ಕೇಳಿ. ರಸ್ತೆಬದಿಯಲ್ಲಿ ಮಂಗಗಳಿಗೆ ಬಿಸ್ಕತ್ತು ಮಾತ್ರ ಎಸೆಯಬೇಡಿ, ದಯವಿಟ್ಟು.