ಕುರ್ಚಿಯ ಅಂಚು

ನಾನು ಬ್ಯಾಂಕಿನಲ್ಲಿದ್ದಾಗ ಮೇಲಿನ ಆಫೀಸಿನಿಂದ ಒಂದು ಸುತ್ತೋಲೆ ಬಂದಿತ್ತು. ಸಿಬ್ಬಂದಿಯ ಒತ್ತಡವನ್ನು ಮ್ಯಾನೇಜರುಗಳು ಗುರುತಿಸಿ ತಗ್ಗಿಸತಕ್ಕದ್ದು, ಕೈಗೊಂಡ ಕ್ರಮಗಳ ವರದಿ ಶನಿವಾರದೊಳಗೆ ತಲುಪತಕ್ಕದ್ದು. ತಿಂಗಳು ಯಾವುದು ಅಂದುಕೊಂಡಿರಿ? ಮಾರ್ಚ್. ಆ ವರದಿ ಬರೆಯಲಿಕ್ಕೆ ನಾವು ನಾಲ್ಕು ಜನ ಶುಕ್ರವಾರ ರಾತ್ರಿ ಒಂಬತ್ತರವರೆಗೆ ಕೂತಿದ್ದೆವು.

ಈ 'ಒತ್ತಡ' ನಮ್ಮ ಮಲೆನಾಡಿನ ಕಡೆ ಮನೆಮಾತಲ್ಲ. ಅಲ್ಲಿರೋದು ಮಂಡೆಬಿಸಿ. "ಸುಮ್ನಿರಾ ಮಾರಾಯ, ಮಂಡೆಬಿಸಿ ಮಾಡ್ಕೋಬೇಡ" ಅಂತ ನಮ್ಮಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಬಿಸಿಯಾದದ್ದು ತಣ್ಣಗಾದೀತು ಅನ್ನೋ ಧೈರ್ಯ ಆ ಮಾತಿನಲ್ಲೇ ಇತ್ತು. ಒತ್ತಡವೋ, ಕಬ್ಬಿಣದ ತೊಲೆಯ ಸಮಾಚಾರ. ಹಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ ಕೆನಡಾದಲ್ಲಿ ಇಲಿಗಳಿಗೆ ಚಳಿ, ಗಾಯ, ವಿಪರೀತ ದಣಿವು ಅಂತ ತರಾವರಿ ಕಾಟ ಕೊಟ್ಟು, ಕಾಟ ಯಾವುದಾದರೂ ಒಡಲಿನ ಗೋಳು ಒಂದೇ ಅಂತ 1936ರಲ್ಲಿ ಬರೆದ. ಆಮೇಲೆ ಅದಕ್ಕೊಂದು ಹೆಸರು ಬೇಕಾದಾಗ ಎಂಜಿನಿಯರುಗಳ ಹತ್ತಿರ ಕಡ ತಂದ. ಇಲಿಯ ವಿಷಯ ಹಾಗಿರಲಿ, ಕುರ್ಚಿಗೆ ಬರೋಣ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರೀಡ್‌ಮನ್, ರೋಸೆನ್‌ಮನ್ ಅಂತ ಇಬ್ಬರು ಹೃದಯದ ಡಾಕ್ಟರುಗಳಿದ್ದರು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಬಂದವನು, ಇದೇನು ವಿಚಿತ್ರ, ಇವೆಲ್ಲ ಮುಂದಿನ ಅಂಚಿನಲ್ಲಷ್ಟೇ ಸವೆದಿವೆಯಲ್ಲ ಅಂದನಂತೆ. ಡಾಕ್ಟರುಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಷಗಳಾದ ಮೇಲೆ, ಸದಾ ಅವಸರದವರಿಗೆ ಹೃದಯದ ಕಾಯಿಲೆ ಹೆಚ್ಚು ಅಂತ 1959ರಲ್ಲಿ ಅವರೇ ಬರೆದರು. ಆ ವಾದ ಮುಂದೆ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ ಅನ್ನಿ. ನನಗೆ ಬೇಕಾದದ್ದು ಆ ಕುರ್ಚಿಯವನು ಮಾತ್ರ.

ಅಂಥವನೊಬ್ಬ ನಮ್ಮ ಶಾಖೆಯಲ್ಲೂ ಇದ್ದ, ಅಟೆಂಡರು. ಹನ್ನೊಂದಕ್ಕೆ ಟೀ ಕೊಟ್ಟು, ಅರ್ಧ ಗಂಟೆಗೆ ಲೋಟ ಎತ್ತಲು ಬರುತ್ತಿದ್ದ. ಒಂದು ದಿನ ಸಾಹೇಬರ ಬಾಗಿಲಲ್ಲಿ ನಿಂತು, "ಸಾರ್, ಮೂರನೇ ಕೌಂಟರ್ ಮೇಡಮ್ಮೋರು ನಾಲ್ಕು ದಿನದಿಂದ ಟೀ ಕುಡೀತಿಲ್ಲ, ಕೆನೆ ಕಟ್ಟಿ ಹಾಗೇ ಇರುತ್ತೆ" ಅಂದ. ಸಾಹೇಬರು ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಸಕ್ಕರೆ ಕಮ್ಮಿ ಹಾಕು" ಅಂದರು. ಮುಂದಿನ ವಾರ ಮೇಡಂ ರಜೆ ಹಾಕಿದರು, ಒಂದೂವರೆ ತಿಂಗಳು.

ಸಾಹೇಬರು ಕೆಟ್ಟವರೇನಲ್ಲ. ಅವರಿಗೂ ಮೇಲೊಬ್ಬ ಸಾಹೇಬರಿದ್ದರು, ಡೆಪಾಸಿಟ್ ಎಷ್ಟಾಯ್ತು ಅಂತ ದಿನಕ್ಕೆ ಮೂರು ಫೋನು. ಕೊನೆಗೆ ನಮ್ಮ ವರದಿಯಲ್ಲಿ ಏನಿತ್ತು ಗೊತ್ತೇ? ಪ್ರತಿ ಬುಧವಾರ ಬೆಳಿಗ್ಗೆ ಎಂಟಕ್ಕೆ ಯೋಗ. ಬಾರದವರು ಲಿಖಿತವಾಗಿ ಕಾರಣ ಕೊಡತಕ್ಕದ್ದು. ಇವರಿಗಿಂತ ಮುಂಚೆ ಇದ್ದ ಮ್ಯಾನೇಜರು ಯೋಗ ಗೀಗ ಏನೂ ಮಾಡಿಸಿರಲಿಲ್ಲ. ಮಧ್ಯಾಹ್ನ ಯಾರು ಯಾವಾಗ ಊಟಕ್ಕೆ ಏಳಬೇಕು ಅನ್ನೋದನ್ನ ಕೌಂಟರಿನವರಿಗೇ ಬಿಟ್ಟಿದ್ದರು, ಅಷ್ಟೇ. ಮುನಿಸು ಅರ್ಧಕ್ಕರ್ಧ ಇಳಿದಿತ್ತು. ಹಸಿವು ಅದೇ, ಗಿರಾಕಿಗಳೂ ಅವರೇ. ಗಡಿಯಾರ ಮಾತ್ರ ನಮ್ಮದಾಗಿತ್ತು.

ಲಂಡನ್ನಿನ ಸರ್ಕಾರಿ ಕಚೇರಿಗಳ ನೌಕರರನ್ನು ಸಂಶೋಧಕರು 1967ರಿಂದ ವರ್ಷಗಟ್ಟಲೆ ಪರೀಕ್ಷಿಸಿದ್ದರು. ಅಲ್ಲೂ ಇಂಥದ್ದೇ ಒಂದು ಚೋದ್ಯ. ಹೊಣೆ ಹೊತ್ತ ದೊಡ್ಡ ಅಧಿಕಾರಿಗಳ ಎದೆಯೇ ಮೊದಲು ಕೈಕೊಡುತ್ತದೆ ಅಂತ ಎಲ್ಲರೂ ನಂಬಿದ್ದರು. ಲೆಕ್ಕ ಉಲ್ಟಾ ಬಂತು. ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ದೊಡ್ಡ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರಲ್ಲಿ ಮೂರು ಪಟ್ಟಿಗೂ ಜಾಸ್ತಿ. ಸಿಗರೇಟಿನ ಲೆಕ್ಕ ಕಳೆದ ಮೇಲೂ ಅಂತರ ಪೂರ್ತಿ ಮುಚ್ಚಲಿಲ್ಲ. ಕೆಳಗಿನ ದರ್ಜೆ ಅಂದರೆ ಯಾರು? ಬಾಗಿಲು ಕಾಯುವವರು, ಕಾಗದ ಹೊತ್ತು ಓಡಾಡುವವರು.

ಇದನ್ನು ಓದಿದ ದಿನ ನನಗೆ ನಮ್ಮ ಅಟೆಂಡರು ನೆನಪಾದ. ಎಲ್ಲರ ಲೋಟದ ಕೆನೆ ನೋಡುತ್ತಿದ್ದವನು ತಾನು ಟೀ ಕುಡಿಯುತ್ತಿದ್ದನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕುರ್ಚಿ ನೋಡಿ ಹೇಳೋಣ ಅಂದರೆ, ಅವನಿಗಿದ್ದದ್ದು ಬಾಗಿಲ ಪಕ್ಕದ ಒಂದು ದುಂಡು ಸ್ಟೂಲು. ಅದರಲ್ಲಿ ಮುಂದಿನ ಅಂಚು ಯಾವುದು, ಹಿಂದಿನದ್ಯಾವುದು?