ಮೃಗಯೆಯ ಪೂರ್ವರಂಗ

ನಾಟಕಕ್ಕೆ ಪೂರ್ವರಂಗವೆಂಬುದೊಂದು ಉಂಟು. ಪಾತ್ರಗಳು ರಂಗದ ಮೇಲೆ ಬರುವುದಕ್ಕೆ ಮೊದಲು ನಡೆಯತಕ್ಕ ವಾದ್ಯಗಳ ಶ್ರುತಿ, ನಾಂದಿ ಮೊದಲಾದುವನ್ನೆಲ್ಲ ಶಾಸ್ತ್ರಕಾರರು ವಿಸ್ತಾರವಾಗಿ ಹೇಳಿದ್ದಾರೆ. ಆದರೆ ಬೇಟೆಗೆ ಅಂಥ ಪೂರ್ವರಂಗವನ್ನು ನಮ್ಮ ಕವಿಗಳು ಹೆಚ್ಚಾಗಿ ಕಲ್ಪಿಸಿದವರಲ್ಲ. ರಾಜನಿಗೆ ಮೃಗಯೆಯ ಮನಸ್ಸಾಯಿತೆಂದರೆ ಮುಂದಿನ ಶ್ಲೋಕದಲ್ಲಿ ಅವನು ಅರಣ್ಯದಲ್ಲಿರುತ್ತಾನೆ. ನಾಯಿಗಳನ್ನು ಹಿಡಿದವರೂ ಬಲೆಗಾರರೂ ಮುಂದಾಗಿ ಹೋಗಿದ್ದರೆಂದು ಕಾಳಿದಾಸನು ರಘುವಂಶದ ಒಂಬತ್ತನೆಯ ಸರ್ಗದಲ್ಲಿ ಒಂದು ಮಾತು ಹೇಳುತ್ತಾನೆ, ಅಷ್ಟೆ. ಈ ಕಾಲದ ಬೇಟೆಯಲ್ಲಾದರೋ ಪೂರ್ವರಂಗವೇ ಒಂದು ವರ್ಷ ನಡೆಯುತ್ತದೆ. ನಾಟಕವು ಹತ್ತು ದಿನದಲ್ಲಿ ಮುಗಿಯುತ್ತದೆ. ಕಳೆದ ಎರಡು ತಿಂಗಳಿಂದ ಆ ಪೂರ್ವರಂಗದ ಕಾಗದಪತ್ರಗಳು ನನ್ನ ಮೇಜಿನ ಮೇಲಿವೆ.

ಅವು ಬಂದ ಕಾರಣವನ್ನು ಹೇಳುತ್ತೇನೆ. ನನ್ನ ಹಳೆಯ ಶಿಷ್ಯನೊಬ್ಬನು ಇಪ್ಪತ್ತು ವರ್ಷಗಳಿಂದ ಅಮೆರಿಕಾದ ಟೆಕ್ಸಾಸಿನಲ್ಲಿ ನೆಲಸಿದ್ದಾನೆ. ಸಹೋದ್ಯೋಗಿಗಳ ಸಹವಾಸದಿಂದ ಅವನಿಗೆ ಬಂದೂಕಿನ ಹವ್ಯಾಸ ಹತ್ತಿತು. ಬರುವ ವರ್ಷ ಜೂನ್ ತಿಂಗಳಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದ ನಮೀಬಿಯಾ ದೇಶಕ್ಕೆ ಬೇಟೆಗೆ ಹೋಗಬೇಕೆಂದು ಸಂಕಲ್ಪಿಸಿ ನನಗೆ ಬರೆದಿದ್ದಾನೆ: “ಮೇಷ್ಟ್ರೇ, ನೀವೂ ಬನ್ನಿ. ಬೇಟೆಯಾಡದೆ ಜೊತೆಗೆ ಬರುವವರಿಗೆ ದಿನದ ಬಾಡಿಗೆ ಕಡಿಮೆ. ಬರಲಾಗದಿದ್ದರೆ ನಾನು ಹೋಗಬಹುದೋ ಕೂಡದೋ, ಅದನ್ನಾದರೂ ಹೇಳಿ. ನೀವು ಕೂಡದೆಂದರೆ ಮುಂಗಡ ಕಟ್ಟುವುದಿಲ್ಲ.” ಅವನ ತಾಯಿ ನಮ್ಮ ಬೀದಿಯಲ್ಲಿಯೇ ಇದ್ದಾರೆ. ಸುದ್ದಿ ತಿಳಿದ ದಿನ ಸಂಜೆ ನಮ್ಮ ಮನೆಗೆ ಬಂದು, “ಇರುವೆಗೂಡಿಗೆ ಸಕ್ಕರೆ ಹಾಕುವ ಮನೆ ನಮ್ಮದು. ಅವನು ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾನೆ” ಎಂದು ಕಣ್ಣೊರೆಸಿಕೊಂಡರು. ಬಂದೂಕನ್ನು ಮುಟ್ಟದ, ಮಾಂಸವನ್ನು ತಿನ್ನದ ನನಗೆ ಇಂಥ ಮೊಕದ್ದಮೆಯ ತೀರ್ಪು ಬಂದೊದಗಿತು. ಕಾಗದಗಳನ್ನು ಪೂರ್ತಿಯಾಗಿ ಓದದೆ ತೀರ್ಪು ಹೇಳುವುದು ನ್ಯಾಯವಲ್ಲವಷ್ಟೆ.

ಇದು ಆನೆ, ಸಿಂಹ, ಚಿರತೆ, ಕಾಡೆಮ್ಮೆಗಳ ಬೇಟೆಯಲ್ಲ. ಬಯಲಿನಲ್ಲಿಯೂ ಕುರುಚಲು ಕಾಡಿನಲ್ಲಿಯೂ ಮೇಯುವ ಮೃಗಗಳ ಬೇಟೆ. ಸುರುಳಿ ಸುರುಳಿಯಾದ ಕೊಂಬಿನ ಕುಡು, ಈಟಿಯಂತೆ ನೆಟ್ಟಗಿನ ಕೊಂಬಿನ ಜೆಮ್ಸ್‌ಬಾಕ್, ವೈಲ್ಡೆಬೀಸ್ಟ್, ಇಂಪಾಲ, ಸ್ಪ್ರಿಂಗ್‌ಬಾಕ್, ಕಾಡುಹಂದಿಯಂತಹ ವಾರ್ಟ್‌ಹಾಗ್ ಇವು ಮುಖ್ಯವಾದುವು. ನನ್ನ ಶಿಷ್ಯನು ಪತ್ರದಲ್ಲಿ ಇವನ್ನೆಲ್ಲ ‘ಜಿಂಕೆ’ ಎಂದು ಬರೆದಿದ್ದಾನೆ. ಅಧ್ಯಾಪಕನ ಚಾಳಿ ಬಿಡದು, ತಿದ್ದಿಬಿಡುತ್ತೇನೆ. ನಮ್ಮ ಚುಕ್ಕೆಜಿಂಕೆ ಕಡವೆಗಳು ವರ್ಷಕ್ಕೊಮ್ಮೆ ಕೊಂಬನ್ನು ಉದುರಿಸಿ ಹೊಸದನ್ನು ತಳೆಯುವ ಜಾತಿ. ಸಹರಾ ಮರುಭೂಮಿಯ ದಕ್ಷಿಣಕ್ಕೆ ಆ ಜಾತಿಯ ಪ್ರಾಣಿ ಸ್ವಭಾವತಃ ಒಂದೂ ಇಲ್ಲ. ಕುಡು ಮೊದಲಾದುವು ಹುಟ್ಟಿದ ಕೊಂಬನ್ನು ಸಾಯುವವರೆಗೆ ಹೊರುವ ಜಾತಿ. ಅವುಗಳಲ್ಲಿ ಸ್ಪ್ರಿಂಗ್‌ಬಾಕ್ ನಮ್ಮ ಕೃಷ್ಣಮೃಗದ ಪಂಗಡಕ್ಕೇ ಸೇರಿದ್ದು. ದುಷ್ಯಂತನು ರಥದಲ್ಲಿ ಅಟ್ಟಿಕೊಂಡು ಬಂದದ್ದು ಆ ಕೃಷ್ಣಮೃಗವನ್ನೇ. ಅದರ ದಾಯಾದಿಯನ್ನು ಅಟ್ಟುವುದಕ್ಕೆ ನಮ್ಮ ಊರಿನ ಹುಡುಗನು ಟೆಕ್ಸಾಸಿನಿಂದ ಹೊರಟಿದ್ದಾನೆ.

ಜೂನ್ ತಿಂಗಳೇಕೆಂದರೆ, ಅಲ್ಲಿ ಅದು ಚಳಿಗಾಲ. ಮಳೆ ನಿಂತು ಹುಲ್ಲು ಒಣಗಿ, ಗಿಡಗಳ ಎಲೆ ಉದುರಿ, ದೂರದವರೆಗೆ ಕಣ್ಣು ಹಾಯುತ್ತದೆ. ನೀರು ಕೆಲವೆಡೆ ಮಾತ್ರ ಉಳಿಯುವುದರಿಂದ ಮೃಗಗಳು ಅಲ್ಲಿಗೆ ಬಂದೇ ಬರುತ್ತವೆ. ಸೊಳ್ಳೆ ಹಾವುಗಳ ಕಾಟವೂ ಕಡಿಮೆ. ದಶರಥನು ವಸಂತದಲ್ಲಿ ಹೊರಟನು, ದುಷ್ಯಂತನು ಗ್ರೀಷ್ಮದಲ್ಲಿ. ಹವಾಮಾನವನ್ನು ವಿಚಾರಿಸಿ ಹೊರಟವರಂತೆ ಇಬ್ಬರೂ ಕಾಣುವುದಿಲ್ಲ.

ಬಂದೂಕನ್ನು ಒಯ್ಯುವ ವಿಧಿಗಳನ್ನು ಓದಿ ನನಗೆ ನಗು ಬಂದಿತು. ಮೊದಲು ಅವನು ದಕ್ಷಿಣ ಆಫ್ರಿಕಾ ದೇಶಕ್ಕೆ ಹೋಗಬೇಕೆಂದಿದ್ದನಂತೆ. ಅಲ್ಲಿನ ಪೋಲೀಸ್ ಇಲಾಖೆಯ ಅರ್ಜಿಯನ್ನು ಕಪ್ಪು ಶಾಯಿಯಲ್ಲಿಯೇ ತುಂಬಬೇಕು. ರುಜುವನ್ನು ಅಧಿಕಾರಿಯ ಎದುರಿನಲ್ಲಿಯೇ ಹಾಕಬೇಕು. ಬಂದೂಕೊಂದಕ್ಕೆ 200 ಗುಂಡಿಗಿಂತ ಹೆಚ್ಚು ಕೂಡದು. ನಮೀಬಿಯಾದ ವಿಧಿ ಇದಕ್ಕಿಂತ ಸರಳ. ಆದರೆ ಅಲ್ಲಿಯೂ ಪರದೇಶದವನು ಒಬ್ಬನೇ ಬೇಟೆಯಾಡುವಂತಿಲ್ಲ. ಸರ್ಕಾರದ ಪುಸ್ತಕದಲ್ಲಿ ಹೆಸರು ದಾಖಲಾದ ಮಾರ್ಗದರ್ಶಿಯೊಬ್ಬನು ಜೊತೆಯಲ್ಲಿರತಕ್ಕದ್ದು. ಕೊಂಬಿಗಾಗಿ ಬೇಟೆಯಾಡುವವನಿಗೆ ಒಂದು ಜಾತಿಯಲ್ಲಿ ಎರಡಕ್ಕಿಂತ ಹೆಚ್ಚು ಪ್ರಾಣಿಗಳಿಗೆ ಅನುಮತಿ ಇಲ್ಲ.

ಇನ್ನು ಬೆಲೆಪಟ್ಟಿ. ಇದನ್ನು ಓದುವಾಗ ನನ್ನ ಕೈ ಸ್ವಲ್ಪ ನಿಂತಿತೆಂಬುದನ್ನು ಮರೆಮಾಚುವುದಿಲ್ಲ. ವಸತಿ, ಊಟ, ಮಾರ್ಗದರ್ಶಿಗಳಿಗೆ ದಿನಕ್ಕಿಷ್ಟು ಎಂದು ಒಂದು ಲೆಕ್ಕ. ಅದರ ಕೆಳಗೆ ಕುಡುವಿಗೆ ಇಷ್ಟು, ಜೆಮ್ಸ್‌ಬಾಕಿಗೆ ಇಷ್ಟು, ವಾರ್ಟ್‌ಹಾಗಿಗೆ ಇಷ್ಟು ಎಂದು ಪ್ರಾಣಗಳ ಲೆಕ್ಕ. ನಮ್ಮ ಜವಳಿ ಅಂಗಡಿಯ ಚೀಟಿಗೂ ಇದಕ್ಕೂ ರೂಪದಲ್ಲಿ ಭೇದವಿಲ್ಲ. ಆದರೆ ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದ ಒಂದು ನಿಯಮವಿತ್ತು: ಗಾಯಗೊಂಡು ರಕ್ತ ಸುರಿಸಿದ ಮೃಗವು ಕೈಗೆ ಸಿಕ್ಕದೆ ಹೋದರೂ ಅದನ್ನು ಕೊಂದಂತೆಯೇ ಭಾವಿಸಿ ಪೂರ್ಣ ಹಣವನ್ನು ತೆಗೆದುಕೊಳ್ಳಲಾಗುವುದು. ವ್ಯಾಪಾರಕ್ಕಾಗಿ ಬರೆದ ಈ ವಾಕ್ಯದಲ್ಲಿ ಧರ್ಮಶಾಸ್ತ್ರದ ಒಂದು ಎಳೆ ಇದೆಯೆಂದು ನನಗೆ ತೋರಿತು. ದಶರಥನು ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನು, ಮುನಿಕುಮಾರನು ಸತ್ತನು. ಪಾಂಡುವು ಜಿಂಕೆಯ ರೂಪದಲ್ಲಿದ್ದ ಮುನಿಯನ್ನು ಹೊಡೆದನು. ಬಿಟ್ಟ ಬಾಣಕ್ಕೆ ಬಿಟ್ಟವನು ಹೊಣೆಯೆಂಬುದನ್ನು ಇಬ್ಬರೂ ಪೂರ್ಣ ಬೆಲೆ ತೆತ್ತು ಕಲಿತರು. ಕಾಣದುದಕ್ಕೆ ಹೊಡೆಯಬಾರದು, ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಹೊಡೆಯಬಾರದು, ಗಾಯಗೊಂಡದ್ದನ್ನು ಬಿಟ್ಟು ಬರಬಾರದು. ಇಂದಿನ ಮಾರ್ಗದರ್ಶಿಗಳೂ ಮೊದಲು ಹೇಳಿಕೊಡುವುದು ಇವನ್ನೇ.

ಆದರೂ ಕೊಲ್ಲುವುದೇತಕ್ಕೆ? ತಾಯಿಯ ಪ್ರಶ್ನೆ ಅದು. ಅದನ್ನು ದಾಟಿ ಹೋಗುವಂತಿಲ್ಲ. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲಿಗೆ ಇಟ್ಟಿದ್ದಾನೆ. ಜೂಜಿಗಿಂತ ಬೇಟೆ ಕೆಟ್ಟದ್ದೆಂಬ ಪಿಶುನನ ಮತವನ್ನು ಕೌಟಿಲ್ಯನು ಒಪ್ಪದೆ, ಬೇಟೆಯಲ್ಲಿ ವ್ಯಾಯಾಮವುಂಟು, ಚಲಿಸುವ ಗುರಿಯ ಅಭ್ಯಾಸವುಂಟು, ಮೃಗಗಳ ಚಿತ್ತವೃತ್ತಿಯ ಜ್ಞಾನವುಂಟು ಎನ್ನುತ್ತಾನೆ. ಶಾಕುಂತಲದ ಸೇನಾಪತಿಯೂ ಇದೇ ಧಾಟಿಯಲ್ಲಿ ರಾಜನ ಮುಂದೆ ಮೃಗಯೆಯನ್ನು ಹೊಗಳುತ್ತಾನೆ. ಒಡೆಯನ ಮುಂದೆ ಆಡಿದ ಹೊಗಳಿಕೆಯಾದ್ದರಿಂದ ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಈ ವಾದಗಳೆಲ್ಲ ಬೇಟೆಗಾರನಿಗೆ ಏನು ಲಾಭ ಎಂಬುದನ್ನು ಕುರಿತವು. ಮೃಗಕ್ಕೆ ಏನು ಲಾಭ ಎಂದು ಕೇಳಿದವರಿಲ್ಲ. ಕೇಳುವ ಅಗತ್ಯವೂ ಆಗ ಇರಲಿಲ್ಲ, ಕಾಡು ದೊಡ್ಡದಾಗಿತ್ತು.

ಆಫ್ರಿಕಾದ ದಕ್ಷಿಣದಲ್ಲಿ ಆ ಪ್ರಶ್ನೆಯನ್ನು ಕೇಳಬೇಕಾದ ಕಾಲ ಬಹು ಬೇಗ ಬಂದಿತು. ನೀಲಿ ಛಾಯೆಯ ಬ್ಲೂಬಕ್ ಎಂಬ ಮೃಗವು 1800ರ ಸುಮಾರಿಗೆ ನಿರ್ವಂಶವಾಯಿತು. ಕ್ವಾಗ್ಗ ಎಂಬ ಪಟ್ಟೆಕುದುರೆಯ ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ಸತ್ತಿತು. ಬಾಂಟೆಬಾಕ್ ಎಂಬುದಕ್ಕಾಗಿ 1931ರಲ್ಲಿ ಒಂದು ರಕ್ಷಿತವನವನ್ನು ಕಟ್ಟಿದಾಗ ಅದರಲ್ಲಿದ್ದವು ಕೇವಲ 17. ಇಂದು ಆ ಜಾತಿಯು ಸಾವಿರಗಳ ಲೆಕ್ಕಕ್ಕೆ ಬಂದಿದೆ. ನಮೀಬಿಯಾದಲ್ಲಿ 1975ರ ಶಾಸನವೊಂದು, ಬೇಲಿ ಹಾಕಿದ ಜಮೀನಿನ ಒಡೆಯನಿಗೆ ಅಲ್ಲಿ ಮೇಯುವ ಕುಡು ಜೆಮ್ಸ್‌ಬಾಕ್ ಮೊದಲಾದುವುಗಳ ಮೇಲೆ ಹಕ್ಕು ಕೊಟ್ಟಿತು. ಅದುವರೆಗೆ ದನದ ಹುಲ್ಲನ್ನು ತಿನ್ನುವ ಶತ್ರುವಾಗಿದ್ದ ಮೃಗವು ಅಂದಿನಿಂದ ಆದಾಯವಾಯಿತು. ಆದರೆ ಆ ಒಡೆಯರಲ್ಲಿ ಬಹುಪಾಲು ಬಿಳಿಯರು. ದೇಶವು 1990ರಲ್ಲಿ ಸ್ವತಂತ್ರವಾದ ಮೇಲೆ, 1996ರ ತಿದ್ದುಪಡಿಯಿಂದ ಹಳ್ಳಿಯ ಜನರ ಸಾಮುದಾಯಿಕ ಭೂಮಿಗಳಿಗೂ ಇಂಥ ಹಕ್ಕು ದೊರೆಯಿತು; ಅಂಥ ಸಂರಕ್ಷಣಾ ಸಂಘಗಳು ಇಂದು ಎಂಬತ್ತಕ್ಕೂ ಹೆಚ್ಚು ಇವೆ.

ಇದೊಂದೇ ದಾರಿಯೆಂದು ನಾನು ಹೇಳುವುದಿಲ್ಲ. ಕೀನ್ಯಾ ದೇಶವು 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ನಮ್ಮಲ್ಲಿ 1972ರ ಶಾಸನವಿದೆ. ಅದು ಇಲ್ಲದಿದ್ದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಇಂದು ಒಂದು ಕೃಷ್ಣಮೃಗವೂ ಉಳಿಯುತ್ತಿತ್ತೋ ಇಲ್ಲವೋ. ಆದರೆ ಅಲ್ಲಿನ ರೈತನನ್ನು ಕೇಳಿದರೆ ಅವನ ಲೆಕ್ಕವೇ ಬೇರೆ. ಹಿಂಡು ಕಡಲೆಕಾಯಿ ಹೊಲಕ್ಕೆ ಇಳಿದ ರಾತ್ರಿ ಕೃಷ್ಣಮೃಗದ ಕಣ್ಣಿನ ಸೊಬಗು ಅವನಿಗೆ ಕಾಣದು. ನಮೀಬಿಯಾದ ವಿಸ್ತಾರ ನಮ್ಮ ಕರ್ನಾಟಕದ ನಾಲ್ಕರಷ್ಟಕ್ಕೂ ಮಿಕ್ಕಿದೆ. ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. ಅಲ್ಲಿ ಸಲ್ಲುವ ಉಪಾಯ ಇಲ್ಲಿ ಸಲ್ಲದಿರಬಹುದು, ಇಲ್ಲಿನದು ಅಲ್ಲಿ ಸಲ್ಲದಿರಬಹುದು. ನಿರ್ವಂಶವಾಯಿತೆಂದು 1952ರಲ್ಲಿ ನಾವು ಸಾರಿದ ಚೀತಾವನ್ನು ಮರಳಿ ತರಲು 2022ರಲ್ಲಿ ಅದೇ ನಮೀಬಿಯಾದ ಬಾಗಿಲನ್ನೇ ತಟ್ಟಬೇಕಾಯಿತೆಂಬುದನ್ನೂ ಆ ತಾಯಿಗೆ ಹೇಳಿದೆನು. ಅವರು, “ಚೀತಾ ತಂದವರು ಅದನ್ನು ಕೊಲ್ಲುವುದಕ್ಕೆ ತರಲಿಲ್ಲವಲ್ಲ” ಎಂದರು. ಉತ್ತರ ಹೊಳೆಯಲಿಲ್ಲ.

ಕಾಗದಗಳಲ್ಲಿ ನನಗೆ ಸ್ವಲ್ಪವೂ ಹಿಡಿಸದಿದ್ದುದು ಅಳತೆಯ ವಿಷಯ. 1892ರಿಂದ ಅಚ್ಚಾಗುತ್ತಿರುವ ರೋಲೆಂಡ್ ವಾರ್ಡ್ ಎಂಬವರ ದಾಖಲೆಯ ಪುಸ್ತಕವೊಂದಿದೆ. ಕುಡುವಿನ ಕೊಂಬು ಸುರುಳಿಯನ್ನನುಸರಿಸಿ 53 ಅಂಗುಲ ಮತ್ತು ಎಂಟರಲ್ಲಿ ಏಳು ಭಾಗವಿದ್ದರೆ ಮಾತ್ರ ಅದರಲ್ಲಿ ಪ್ರವೇಶ. ಅಂಗುಲದ ಎಂಟನೆಯ ಭಾಗಕ್ಕಾಗಿ ಸಾಗರ ದಾಟುವವನಿಗೂ, ಅಂಕ ಒಂದು ಕಡಿಮೆಯಾಯಿತೆಂದು ಅಳುವ ಎಸ್. ಎಸ್. ಎಲ್. ಸಿ. ಹುಡುಗನಿಗೂ ಏನು ಅಂತರ? ಹುಡುಗನಿಗಾದರೂ ವಯಸ್ಸು ಹದಿನೈದು.

ನನ್ನ ಮನಸ್ಸನ್ನು ನಿಜವಾಗಿ ಸೆಳೆದದ್ದು ಹೆಜ್ಜೆ ನೋಡುವವರ ವಿದ್ಯೆ. ಹೆಜ್ಜೆಯ ಅಂಚು ಚೂಪಾಗಿದೆಯೋ ಕುಸಿದಿದೆಯೋ. ಅದು ಇಬ್ಬನಿ ಬೀಳುವ ಮುಂಚೆ ಮೂಡಿತೋ ಆಮೇಲೋ. ರಾತ್ರಿ ಸಂಚರಿಸುವ ಹುಳುವಿನ ಗೆರೆ ಹೆಜ್ಜೆಯ ಮೇಲೆ ಹಾದಿದೆಯೋ, ಹೆಜ್ಜೆಯು ಗೆರೆಯನ್ನು ತುಳಿದಿದೆಯೋ. ಹಿಕ್ಕೆ ಎಷ್ಟು ಹಸಿಯಾಗಿದೆ. ಇಷ್ಟರಿಂದ ಮೃಗವು ಯಾವುದು, ಎಷ್ಟು ಹೊತ್ತಿಗೆ ಹೋಯಿತು, ಮೇಯುತ್ತ ಹೋಯಿತೋ ಬೆದರಿ ಓಡಿತೋ ಎಂದು ಅವರು ಹೇಳುತ್ತಾರೆ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹೊಡೆದ ನಾವು, ಪರ್ವತದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ಒಂದೇ ಉದಾಹರಣೆಯನ್ನು ಆಯುಷ್ಯವೆಲ್ಲ ಹೇಳಿಕೊಂಡು ಬಂದೆವು. ಆ ಜನರು ಒಂದು ಬೆಳಗಿನಲ್ಲಿ ನೂರು ಅನುಮಾನಗಳನ್ನು ಮಾಡಿ, ಪ್ರತಿಯೊಂದನ್ನೂ ಮುಂದಿನ ಹೆಜ್ಜೆಯಲ್ಲಿ ಪರೀಕ್ಷಿಸುತ್ತ ನಡೆಯುತ್ತಾರೆ. ವಿಜ್ಞಾನದ ಮೂಲವೇ ಈ ವಿದ್ಯೆಯೆಂದು ಲೂಯಿ ಲೀಬೆನ್‌ಬರ್ಗ್ ಎಂಬ ದಕ್ಷಿಣ ಆಫ್ರಿಕಾದ ವಿದ್ವಾಂಸರು 1990ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದಾರೆ. ಇಷ್ಟಾಗಿಯೂ ಶಿಷ್ಯನು ಕಳುಹಿಸಿದ ಪತ್ರಿಕೆಯಲ್ಲಿ ಬಿಡಾರದ ಒಡೆಯನ ಹೆಸರಿದೆ, ಅಡುಗೆಯವಳ ಹೆಸರಿದೆ, ನಾಯಿಯ ಹೆಸರೂ ಇದೆ. ಹೆಜ್ಜೆ ನೋಡುವವನ ಹೆಸರಿಲ್ಲ.

ಕೊನೆಗೆ ಶಿಷ್ಯನಿಗೆ ಹೀಗೆ ಬರೆದೆನು. ನೀನು ಗುರುತು ಹಾಕಿಕೊಂಡ ಏಳು ಮೃಗಗಳಲ್ಲಿ ಐದನ್ನು ಹೊಡೆದುಹಾಕು. ಒಂದು ಕುಡು, ಒಂದು ಜೆಮ್ಸ್‌ಬಾಕ್ ಸಾಕು. ಸ್ಪ್ರಿಂಗ್‌ಬಾಕನ್ನು ನನ್ನ ಮುಖ ನೋಡಿ ಬಿಟ್ಟುಬಿಡು. ಮೇಜಿನ ಮೇಲೆ ಬಂದೂಕನ್ನು ಆನಿಸಿ ಹೊಡೆಯುವ ನಿನ್ನ ಅಭ್ಯಾಸ ಅಲ್ಲಿ ನಡೆಯದು. ಮೂರು ಕೋಲುಗಳ ಆಸರೆಯ ಮೇಲೆ, ನಿಂತುಕೊಂಡು, ಏದುಸಿರಿನಲ್ಲಿ ಹೊಡೆಯಬೇಕಾಗುತ್ತದೆ. ಆರು ತಿಂಗಳು ಅದನ್ನೇ ಸಾಧಿಸು. ಅಲ್ಲಿನ ಮೃಗಗಳ ಹೃದಯವು ನೀನು ತಿಳಿದಿರುವುದಕ್ಕಿಂತ ಕೆಳಗೆ, ಮುಂಗಾಲುಗಳ ನಡುವೆ ಇರುತ್ತದೆಂದು ಬರೆದಿದ್ದಾರೆ. ಚಿತ್ರವನ್ನು ತೆಗೆದುಕೊಂಡು ಕಲಿತುಕೋ. ಬೇಲಿಯ ಒಳಗೆ ಜಮೀನು ಎಷ್ಟು, ಮೃಗಗಳು ಅಲ್ಲಿಯೇ ಹುಟ್ಟಿ ಬೆಳೆದವೋ ನಿನಗಾಗಿ ತಂದುಬಿಟ್ಟವೋ, ಮಾಂಸವು ಯಾರ ಮನೆಗೆ ಹೋಗುತ್ತದೆ ಎಂದು ಬರೆದು ಕೇಳು. ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡ. ಅಳತೆಯ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಇಡಬೇಡ. ಇಷ್ಟಕ್ಕೆ ಒಪ್ಪಿದರೆ ಹೋಗು.

ಪತ್ರವನ್ನು ಕಳುಹಿಸುವ ಮುಂಚೆ ಅವನ ತಾಯಿಗೆ ಓದಿ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಏಳು ಎರಡಾಯಿತು. ಒಂದೂ ಇಲ್ಲದಂತೆ ಮಾಡುತ್ತೀರೆಂದು ನಂಬಿದ್ದೆ” ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಹಾಗಾದರೆ ನೀವೂ ಜೊತೆಯಲ್ಲಿ ಹೋಗಿ” ಎಂದರು.

ಶಿಷ್ಯನ ಉತ್ತರ ಕಳೆದ ವಾರ ಬಂದಿತು. ಹೆಜ್ಜೆ ನೋಡುವವನ ಹೆಸರನ್ನು ವಿಚಾರಿಸಿ ಬರೆದಿದ್ದಾನೆ. ಜಮೀನಿನ ವಿಸ್ತಾರದ ಪ್ರಶ್ನೆಗೆ ಬಿಡಾರದವರು ಇನ್ನೂ ಉತ್ತರಿಸಿಲ್ಲ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ; ಶಾಯಿಯ ಬಣ್ಣವನ್ನು ಕುರಿತು ಇಲ್ಲಿ ಯಾರೂ ಏನೂ ಹೇಳಲಿಲ್ಲ.